ನ್ಯಾಟೊ ಲೆಕ್ಕ: ಹಣ ಯುರೋಪಿನದು, ಆಯುಧ ಅಮೆರಿಕದ್ದು

ನ್ಯಾಟೊದ 32 ಸದಸ್ಯ ರಾಷ್ಟ್ರಗಳು 2024ರಲ್ಲಿ ಸೇನೆಗೆ ಮಾಡಿದ ವೆಚ್ಚ 1,50,600 ಕೋಟಿ ಡಾಲರ್. ಡಾಲರ್‌ಗೆ 84 ರೂಪಾಯಿಯಂತೆ ಇದು ಸುಮಾರು 126 ಲಕ್ಷ ಕೋಟಿ ರೂಪಾಯಿ. ಜಗತ್ತಿನ ಒಟ್ಟು ಸೇನಾ ವೆಚ್ಚದ ಶೇ 55. ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಈ ಲೆಕ್ಕದಲ್ಲಿ ಅಮೆರಿಕದ ಪಾಲು 99,700 ಕೋಟಿ ಡಾಲರ್, ಅಂದರೆ ಶೇ 66. ಯುರೋಪಿನ ಸದಸ್ಯರದು 45,400 ಕೋಟಿ, ಶೇ 30. ಉಳಿದದ್ದು ಕೆನಡಾ ಮತ್ತು ಟರ್ಕಿಯದು. ಅದೇ ವರ್ಷ ಭಾರತದ ಸೇನಾ ವೆಚ್ಚ 8,610 ಕೋಟಿ ಡಾಲರ್.

ಈ ಶೇ 66 ಅಮೆರಿಕ ನ್ಯಾಟೊಗೆ ಕಟ್ಟುವ ಹಣವಲ್ಲ. ಅದು ಆ ದೇಶದ ಇಡೀ ಸೇನೆಯ ಖರ್ಚು. ಪೆಸಿಫಿಕ್ ಸಾಗರದ ನೌಕಾಪಡೆಯೂ ಅದರಲ್ಲಿ ಸೇರಿದೆ. ಬ್ರಸೆಲ್ಸ್‌ನ ಕೇಂದ್ರ ಕಚೇರಿ, ಜಂಟಿ ಕಮಾಂಡ್‌ಗಳಿಗೆ ಸದಸ್ಯರೆಲ್ಲ ಸೇರಿ ಭರಿಸುವ ಸಾಮಾನ್ಯ ಬಜೆಟ್ 2025ರಲ್ಲಿ ಸುಮಾರು 460 ಕೋಟಿ ಯೂರೊ, ಅಂದರೆ ಒಟ್ಟು ವೆಚ್ಚದ ಶೇ 0.3. ಇದರಲ್ಲಿ ಅಮೆರಿಕ ಮತ್ತು ಜರ್ಮನಿಯ ಪಾಲು ತಲಾ ಶೇ 16ರಷ್ಟಿತ್ತು. ಅಮೆರಿಕ ಹಿಂದೆ ಶೇ 22 ಕೊಡುತ್ತಿತ್ತು. 2019ರ ಒಪ್ಪಂದದಿಂದ ಅದು ಇಳಿಯಿತು.

2014ರ ವೇಲ್ಸ್ ಶೃಂಗಸಭೆ ರಕ್ಷಣಾ ವೆಚ್ಚಕ್ಕೆ ಜಿಡಿಪಿಯ ಶೇ 2ರ ಗುರಿ ಇಟ್ಟಿತು. ಜಿಡಿಪಿ ಎಂದರೆ ಒಂದು ದೇಶ ವರ್ಷವೊಂದರಲ್ಲಿ ಉತ್ಪಾದಿಸುವ ಸರಕು, ಸೇವೆಗಳ ಒಟ್ಟು ಮೌಲ್ಯ. ಆ ವರ್ಷ ಗುರಿ ಮುಟ್ಟಿದ್ದವು 3 ದೇಶಗಳು. ಸ್ವಂತ ಸೇನೆಯಿಲ್ಲದ ಐಸ್‌ಲೆಂಡ್ ಬಿಟ್ಟು ಉಳಿದ 31 ದೇಶಗಳೂ 2025ರಲ್ಲಿ ಅದನ್ನು ಮುಟ್ಟುತ್ತವೆ ಎಂಬುದು ನ್ಯಾಟೊ ಅಂದಾಜು. 2025ರ ಜೂನ್‌ನಲ್ಲಿ ಹೇಗ್ ಶೃಂಗಸಭೆ ಗುರಿಯನ್ನು 2035ರೊಳಗೆ ಶೇ 5ಕ್ಕೆ ಏರಿಸಿತು. ಇದರಲ್ಲಿ ಶೇ 3.5 ನೇರ ರಕ್ಷಣೆಗೆ, ಶೇ 1.5 ರಸ್ತೆ, ಸೇತುವೆ, ಸೈಬರ್ ಭದ್ರತೆಯಂಥ ಪೂರಕ ಬಾಬ್ತುಗಳಿಗೆ.

ಹೊರೆ ಎಲ್ಲರಿಗೂ ಒಂದೇ ಅಲ್ಲ. ಉಕ್ರೇನ್, ಬೆಲಾರೂಸ್ ಮತ್ತು ರಷ್ಯಾದ ಕಲಿನಿನ್‌ಗ್ರಾಡ್‌ಗೆ ಗಡಿ ಹಂಚಿಕೊಂಡಿರುವ ಪೋಲೆಂಡ್ 2024ರಲ್ಲಿ ವೆಚ್ಚವನ್ನು ಶೇ 31 ಹೆಚ್ಚಿಸಿ 3,800 ಕೋಟಿ ಡಾಲರ್‌ಗೆ ಒಯ್ದಿತು. ಇದು ಅದರ ಜಿಡಿಪಿಯ ಶೇ 4.2. ಸ್ಪೇನ್ ತನಗೆ ಶೇ 2.1 ಸಾಕು ಎಂದು ಹೇಗ್‌ನಲ್ಲಿ ವಾದಿಸಿತು. ಜರ್ಮನಿಯ ವೆಚ್ಚ 2024ರಲ್ಲಿ ಶೇ 28 ಏರಿ 8,850 ಕೋಟಿ ಡಾಲರ್ ತಲುಪಿತು. 2025ರ ಮಾರ್ಚ್‌ನಲ್ಲಿ ಅದು ಸಂವಿಧಾನ ತಿದ್ದಿ, ಜಿಡಿಪಿಯ ಶೇ 1ನ್ನು ಮೀರಿದ ರಕ್ಷಣಾ ವೆಚ್ಚವನ್ನು ಸಾಲದ ಮಿತಿಯಿಂದ ಹೊರಗಿಟ್ಟಿತು.

ಹಣ ಎಲ್ಲಿಗೆ ಹೋಗುತ್ತಿದೆ ಎಂಬುದಕ್ಕೆ ಆಮದಿನ ಲೆಕ್ಕ ನೋಡಬೇಕು. 2015–19ಕ್ಕೆ ಹೋಲಿಸಿದರೆ 2020–24ರಲ್ಲಿ ನ್ಯಾಟೊದ ಯುರೋಪಿನ ಸದಸ್ಯರ ಶಸ್ತ್ರಾಸ್ತ್ರ ಆಮದು ಶೇ 105 ಹೆಚ್ಚಿದೆ. ಅದರಲ್ಲಿ ಅಮೆರಿಕದ ಪಾಲು ಶೇ 52ರಿಂದ ಶೇ 64ಕ್ಕೆ ಏರಿದೆ. ಯುರೋಪಿನ ಖರ್ಚು ಹೆಚ್ಚಿದಂತೆ ಅಮೆರಿಕದ ಮೇಲಿನ ಅವಲಂಬನೆಯೂ ಹೆಚ್ಚಿತು.

ಸ್ವಂತ ಉತ್ಪಾದನೆ ಬಜೆಟ್‌ನಷ್ಟು ಬೇಗ ಏರುವುದಿಲ್ಲ. 155 ಮಿ.ಮೀ. ಫಿರಂಗಿ ಗುಂಡುಗಳನ್ನೇ ತೆಗೆದುಕೊಳ್ಳಿ. 2024ರ ಮಾರ್ಚ್‌ನೊಳಗೆ ಉಕ್ರೇನ್‌ಗೆ 10 ಲಕ್ಷ ಗುಂಡು ಕೊಡುವುದಾಗಿ ಐರೋಪ್ಯ ಒಕ್ಕೂಟ ಹೇಳಿತ್ತು. ಗಡುವಿನ ವೇಳೆಗೆ 5.24 ಲಕ್ಷ ಮಾತ್ರ ಸಾಧ್ಯ ಎಂದು ಜನವರಿಯಲ್ಲೇ ಒಪ್ಪಿಕೊಂಡಿತು. ರೈನ್‌ಮೆಟಾಲ್ ಕಂಪನಿ ಜರ್ಮನಿಯ ಉಂಟರ್‌ಲ್ಯೂಸ್‌ನಲ್ಲಿ ಹೊಸ ಗುಂಡಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದ್ದು 2024ರ ಫೆಬ್ರುವರಿಯಲ್ಲಿ, ಉದ್ಘಾಟನೆಯಾದದ್ದು 2025ರ ಆಗಸ್ಟ್‌ನಲ್ಲಿ. ಮೊದಲ ವರ್ಷದ ಗುರಿ 25,000 ಗುಂಡು, 3.5 ಲಕ್ಷದ ಪೂರ್ಣ ಸಾಮರ್ಥ್ಯ 2027ಕ್ಕೆ.

ಅಮೆರಿಕದ ಮೇಲಿನ ಅವಲಂಬನೆ ತಗ್ಗಿಸಲು ಐರೋಪ್ಯ ಒಕ್ಕೂಟ 2025ರ ಮೇನಲ್ಲಿ 15,000 ಕೋಟಿ ಯೂರೊ ಸಾಲ ಯೋಜನೆಗೆ ಒಪ್ಪಿತು. ಇದರಿಂದ ಕೊಳ್ಳುವ ಆಯುಧಗಳ ಬಿಡಿಭಾಗಗಳ ವೆಚ್ಚದಲ್ಲಿ ಒಕ್ಕೂಟ, ಅದರ ನಿಕಟ ಪಾಲುದಾರರು ಮತ್ತು ಉಕ್ರೇನ್‌ನ ಹೊರಗಿನದು ಶೇ 35 ಮೀರುವಂತಿಲ್ಲ. ಆದರೆ ಹಲವು ವರ್ಷಗಳಿಗೆ ಹಂಚಿಹೋಗುವ ಈ ಮೊತ್ತ ಯುರೋಪಿನ ಸದಸ್ಯರ ಒಂದೇ ವರ್ಷದ ವೆಚ್ಚದ ಅರ್ಧಕ್ಕಿಂತ ಕಡಿಮೆ. ಹೇಗ್ ಗುರಿಗಳ ಪರಿಶೀಲನೆ 2029ಕ್ಕೆ ನಿಗದಿಯಾಗಿದೆ. ಅಲ್ಲಿ ಅಳತೆಗೆ ಬರುವುದು ವೆಚ್ಚ. ಅಮೆರಿಕ ಹಿಂದೆ ಸರಿದರೆ ಯುರೋಪ್ ತನ್ನ ಕಾಲ ಮೇಲೆ ನಿಲ್ಲಬಲ್ಲದೇ ಎಂಬುದನ್ನು ಹೇಳುವುದು ಮಾತ್ರ ಆಮದಿನ ಶೇ 64 ಆ ಹೊತ್ತಿಗೆ ಎಷ್ಟಕ್ಕೆ ಇಳಿದಿರುತ್ತದೆ ಎಂಬ ಲೆಕ್ಕ.