ಬ್ರೆಡ್ಡಿನ ಹೋಳೂ ಚೌಕುಳಿ ಕಾಗದವೂ

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಗೃಹಶಾಸ್ತ್ರದ ಪರೀಕ್ಷೆಯಲ್ಲಿ ಒಬ್ಬ ಹುಡುಗಿಯು ಮಾಡಿದ ಬ್ರೆಡ್ಡಿಗೆ ನಾವು ಹತ್ತಕ್ಕೆ ನಾಲ್ಕು ಅಂಕಗಳನ್ನು ಕೊಟ್ಟೆವು. ನಮ್ಮ ಜತೆಯಲ್ಲಿ ಪರೀಕ್ಷಿಸಿದ ಉಪಾಧ್ಯಾಯಿನಿಯವರು ಅದಕ್ಕೇ ಏಳು ಕೊಟ್ಟಿದ್ದರು. ಹುಡುಗಿಯು ವಿನಯದಿಂದ, “ಅಮ್ಮಾ, ದೋಷವೇನೆಂದು ತಿಳಿಸಿದರೆ ತಿದ್ದಿಕೊಳ್ಳುವೆನು” ಎಂದಳು. ಒಳಮೈ ಒರಟಾಗಿದೆ ಎಂದೆವು. “ಎಷ್ಟು ಒರಟಮ್ಮಾ?” ಎಂದು ಕೇಳಿದಳು. ಅಂಕ ಕೊಡುವ ಅಧಿಕಾರವು ನಮಗಿತ್ತು. ಆ ಪ್ರಶ್ನೆಗೆ ಉತ್ತರ ಕೊಡುವ ಶಕ್ತಿಯು ನಮ್ಮಲ್ಲಿರಲಿಲ್ಲ.

ಗಣಿತಶಾಸ್ತ್ರದಲ್ಲಿ ಇದಕ್ಕೆ ಒಂದು ಬಗೆಯ ಉತ್ತರವಿರುವದನ್ನು ಆ ಮೇಲೆ ಓದಿ ತಿಳಿದೆವು. ಅದನ್ನು ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ವಿವರಿಸುವದೇ ಈ ಲೇಖನದ ಉದ್ದೇಶವು. ಲೆಕ್ಕವೆಂದರೆ ಹೆದರುವವರು ಪುಟ ತಿರುವಬಾರದೆಂದು ಬೇಡುತ್ತೇವೆ. ಬೇಕಾದದ್ದು ಹೆಚ್ಚಾಗಿ ಎಣಿಕೆಯೇ.

ರೇಖೆಗೆ ಒಂದು ಆಯಾಮ, ಮೇಲ್ಮೈಗೆ ಎರಡು, ಘನವಸ್ತುವಿಗೆ ಮೂರು ಎಂದು ನಾವೆಲ್ಲರೂ ಕಲಿತಿರುವೆವು. ಆದರೆ ಅಂಕುಡೊಂಕಾದ ವಸ್ತುಗಳು ಈ ಪಾಠಕ್ಕೆ ಒಗ್ಗುವದಿಲ್ಲ. 1967ರಲ್ಲಿ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಎಂಬ ಗಣಿತಜ್ಞರು ಬ್ರಿಟನ್ನಿನ ಸಮುದ್ರತೀರದ ಉದ್ದವೆಷ್ಟೆಂದು ಪ್ರಶ್ನಿಸಿ, ಅಳೆಯುವ ಕೋಲು ಚಿಕ್ಕದಾದಷ್ಟೂ ಉದ್ದವು ಬೆಳೆಯುತ್ತಲೇ ಹೋಗುವದೆಂಬದನ್ನು ವಿವರಿಸಿದರು. ಇಂಥ ಆಕಾರಗಳಿಗೆ ಅವರು 1975ರಲ್ಲಿ ಫ್ರ್ಯಾಕ್ಟಲ್ ಎಂದು ಹೆಸರಿಟ್ಟರು. ಮುರಿದದ್ದು ಎಂಬರ್ಥದ ಲ್ಯಾಟಿನ್ ಶಬ್ದವೇ ಅದಕ್ಕೆ ಮೂಲವು. ಇವುಗಳ ಆಯಾಮವು ಒಂದಕ್ಕೂ ಎರಡಕ್ಕೂ ನಡುವೆ ಭಿನ್ನರಾಶಿಯಾಗಿ ನಿಲ್ಲಬಹುದು.

ಇನ್ನು ಬ್ರೆಡ್ಡಿಗೆ ಬರೋಣ. ಯೀಸ್ಟಿನಿಂದ ಹುಟ್ಟಿದ ವಾಯುವು ನಾದಿದ ಹಿಟ್ಟಿನಲ್ಲಿ ಸಿಕ್ಕಿಕೊಂಡು ಗುಳ್ಳೆಗಳಾಗುವದು. ಬೆಂದ ಮೇಲೆ ಅವೇ ರಂಧ್ರಗಳು. ಒಂದು ಹೋಳನ್ನು ಕೊಯ್ದು ಅದರ ಮೇಲೆ ಗಾಜಿಟ್ಟು, ತೆಳುವಾದ ಕಾಗದದಲ್ಲಿ ರಂಧ್ರಗಳ ಅಂಚನ್ನೆಲ್ಲಾ ಸೀಸದಕಡ್ಡಿಯಿಂದ ತೆಗೆದುಕೊಳ್ಳಬೇಕು. ಆ ಚಿತ್ರವನ್ನು ಚೌಕುಳಿ ಕಾಗದದ ಮೇಲಿಟ್ಟು, ಗೆರೆಯು ಎಷ್ಟು ಚೌಕಗಳನ್ನು ಮುಟ್ಟುವದೆಂದು ಎಣಿಸಬೇಕು. ಬಳಿಕ ಚೌಕದ ಬದಿಯನ್ನು ಅರ್ಧಕ್ಕಿಳಿಸಿ ಪುನಃ ಎಣಿಸಬೇಕು. ಅದು ನೇರವಾದ ಗೆರೆಯಾಗಿದ್ದರೆ ಎಣಿಕೆಯು ಎರಡರಷ್ಟಾಗುವದು; ಮಸಿ ಬಳಿದ ಮೇಲ್ಮೈಯಾಗಿದ್ದರೆ ನಾಲ್ಕರಷ್ಟಾಗುವದು. ಬ್ರೆಡ್ಡಿನ ರಂಧ್ರಗಳು ಇವೆರಡರ ನಡುವೆ ಬೀಳುತ್ತವೆ. 8 ಮಿಲಿಮೀಟರಿನ ಚೌಕಗಳು 40, 4 ಮಿಲಿಮೀಟರಿನವು 113, 2 ಮಿಲಿಮೀಟರಿನವು 320 ಎಂದಿಟ್ಟುಕೊಳ್ಳೋಣ. ಪ್ರತಿಸಲವೂ ಎಣಿಕೆಯು ಸುಮಾರು 2.83ರಷ್ಟು ಏರಿದೆ. ಎರಡರ ಎಷ್ಟನೆಯ ಘಾತವು 2.83 ಆಗುವದು? ಒಂದೂವರೆಯದು. ಆದಕಾರಣ ಆ ಹೋಳಿನ ಆಯಾಮವು 1.5.

ಇಲ್ಲಿ ಒಂದು ಎಚ್ಚರಿಕೆ. ಸಂಖ್ಯೆ ಹೆಚ್ಚಿದರೆ ಒರಟು ಹೆಚ್ಚಿತೆಂದು ನಾವು ಮೊದಲು ಭಾವಿಸಿ ತಪ್ಪಿದೆವು. ದೊಡ್ಡ ದೊಡ್ಡ ರಂಧ್ರಗಳು ಕೆಲವೇ ಇದ್ದರೆ ಅಂಚುಗಳು ವಿರಳವಾಗಿ ಸಂಖ್ಯೆಯು ಒಂದರ ಕಡೆಗೆ ಇಳಿಯುವದು. ಸಣ್ಣ ರಂಧ್ರಗಳು ಒತ್ತೊತ್ತಾಗಿದ್ದರೆ ಎರಡರ ಕಡೆಗೆ ಏರುವದು.

ಗಣಕಯಂತ್ರವು ಇದನ್ನೇ ಛಾಯಾಚಿತ್ರದ ಮೇಲೆ ಕ್ಷಣಮಾತ್ರದಲ್ಲಿ ಮಾಡುತ್ತದೆ. ಇನ್ನೊಂದು ವಿಧಾನವು ಮತ್ತೂ ಸೊಗಸಾದದ್ದು. ಚಿತ್ರದ ಪ್ರತಿಯೊಂದು ಬಿಂದುವಿನ ಬೆಳಕನ್ನು ಎತ್ತರವೆಂದು ಎಣಿಸಿದರೆ ಚಿತ್ರವೇ ಬೆಟ್ಟ ಕಣಿವೆಗಳ ಸೀಮೆಯಾಗುವದು. ಅದರ ಆಯಾಮವು ಎರಡಕ್ಕೂ ಮೂರಕ್ಕೂ ನಡುವಿನದು, ನುಣುಪಾದರೆ ಎರಡಕ್ಕೆ ಹತ್ತಿರ. 2002ರಲ್ಲಿ ಚಿಲಿ ದೇಶದ ಸಂಶೋಧಕರು ಆಹಾರಪದಾರ್ಥಗಳ ಮೇಲ್ಮೈಗಳನ್ನೂ, ಇಟ್ಟ ಚಾಕೊಲೇಟಿನ ಮೇಲೆ ಕೊಬ್ಬಿನಿಂದ ಮೂಡುವ ಬಿಳಿಯ ಮಬ್ಬನ್ನೂ ಈ ರೀತಿಯಲ್ಲಿ ಅಳೆದು ಪ್ರಕಟಿಸಿದರು.

ಬಣ್ಣದ ವಿಷಯದಲ್ಲಿಯೂ ಇದರ ಪ್ರಯೋಜನವುಂಟು. 1976ರಿಂದ ರೂಢಿಯಲ್ಲಿರುವ ಒಂದು ಪದ್ಧತಿಯಲ್ಲಿ ಬಣ್ಣವನ್ನು ಮೂರು ಸಂಖ್ಯೆಗಳಿಂದ ಹೇಳುತ್ತಾರೆ: ಬೆಳಕು ಎಷ್ಟು, ಕೆಂಪು-ಹಸುರು ಎಷ್ಟು, ಹಳದಿ-ನೀಲಿ ಎಷ್ಟು. ಆದರೆ ಇಡೀ ಹಣ್ಣಿನ ಸರಾಸರಿಯನ್ನು ತೆಗೆದರೆ ಮೋಸ ಹೋಗುವೆವು. ಮೈಯೆಲ್ಲಾ ಒಂದೇ ಸಮನಾಗಿ ಮಂಕಾದ ಬಾಳೆಹಣ್ಣಿಗೂ, ಹಳದಿಯ ಮೇಲೆ ಕಪ್ಪು ಚುಕ್ಕೆಗಳೆದ್ದ ಹಣ್ಣಿಗೂ ಸರಾಸರಿಯು ಒಂದೇ ಆಗಬಹುದು. ಸಂತೆಗೆ ಹೋಗುವ ಯಾವ ತಾಯಿಯೂ ಇವೆರಡನ್ನು ಒಂದೆನ್ನಳು. ಹೆಚ್ಚಿದ ಬದನೆಕಾಯಿಯನ್ನು ನೀರಿನಲ್ಲಿ ಹಾಕುವದೇಕೆಂದು ಆಕೆಗೆ ಗೊತ್ತು. ಕೊಯ್ದ ಭಾಗದ ರಸಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಕಪ್ಪಾಗುವದು ಎಲ್ಲಾ ಕಡೆಯೂ ಏಕಕಾಲದಲ್ಲಲ್ಲ. ಅಲ್ಲಲ್ಲಿ ಆರಂಭವಾಗಿ ಹಬ್ಬುವದು. ಆ ಹಬ್ಬುವಿಕೆಯ ವಿನ್ಯಾಸವನ್ನು ಸರಾಸರಿಯು ಮರೆಮಾಡುತ್ತದೆ, ಆಯಾಮವು ತೋರಿಸಿಕೊಡುತ್ತದೆ.

ಈ ಸಂಖ್ಯೆಗೆ ಮಿತಿಗಳೂ ಬಹಳ. ಬೆಳಕು ಬದಲಾದರೆ, ಚೂರಿಯು ಮೊಂಡಾಗಿ ಹೋಳು ಹರಿದರೆ, ಒಂದನ್ನು ನಡುವಿನಿಂದಲೂ ಇನ್ನೊಂದನ್ನು ತುದಿಯಿಂದಲೂ ಕೊಯ್ದರೆ ಹೋಲಿಕೆಯು ಕೆಡುವದು. ನಾದಿದ್ದು ಸಾಲದೋ, ಹಿಟ್ಟು ಅತಿಯಾಗಿ ಉಬ್ಬಿತೋ ಎಂಬದನ್ನು ಅದು ಹೇಳದು. ಉಪ್ಪು ಹಾಕಲು ಮರೆತದ್ದನ್ನಂತೂ ನಾಲಿಗೆಯೇ ಹೇಳಬೇಕು.

ಕಳೆದ ವರ್ಷ ಒಂಬತ್ತನೆಯ ತರಗತಿಯವರಿಂದ ಈ ಎಣಿಕೆಯನ್ನು ಮಾಡಿಸಿದೆವು. ಒಂದೇ ಚಿತ್ರವನ್ನು ಎಣಿಸಿದ ಇಬ್ಬರಿಗೆ ಆರು ಚೌಕಗಳ ವ್ಯತ್ಯಾಸ ಬಂದು ಜಗಳವಾಯಿತು. ಗೆರೆಯು ಮೂಲೆಯನ್ನು ಮಾತ್ರ ಮುಟ್ಟಿದರೆ ಎಣಿಸಬೇಕೋ ಬೇಡವೋ ಎಂಬ ನಿಯಮವನ್ನು ನಾವು ಮೊದಲೇ ಹೇಳಿರಲಿಲ್ಲ. ನಿಯಮವನ್ನು ಕರಿಹಲಗೆಯ ಮೇಲೆ ಬರೆದ ಬಳಿಕ ಇಬ್ಬರ ಎಣಿಕೆಯೂ ಒಂದಾಯಿತು.

ಆ ಮೊದಲಿನ ಹುಡುಗಿಯು ಶಾಲೆ ಬಿಟ್ಟು ಹೋಗಿದ್ದಾಳೆ. ಈ ಸಂಚಿಕೆಯು ಅವಳ ಕೈಸೇರಿದರೆ ಅವಳ ಪ್ರಶ್ನೆಯು ನಮಗೆ ನೆನಪಿದೆಯೆಂದು ತಿಳಿದುಕೊಳ್ಳಲಿ. ಅವಳ ಬ್ರೆಡ್ಡಿನ ಹೋಳನ್ನಾಗಲಿ ಅದರ ಚಿತ್ರವನ್ನಾಗಲಿ ನಾವು ಅಂದು ತೆಗೆದಿಡಲಿಲ್ಲ. ಅದು ಎಷ್ಟು ಒರಟಾಗಿತ್ತೆಂದು ಈಗ ಎಣಿಸಿ ಹೇಳುವಂತಿಲ್ಲ.