ಟೆಂಟ್ ಆಪರೇಟರ್ ಅಪ್ಪನೂ ಎಚ್‌ಡಿ ಟೀವಿಯ ವೈರೂ!

ಸೀಟಿ ಹೊಡೆದು, ತೆರೆಯ ಮೇಲೆ ಚಿಲ್ಲರೆ ಕಾಸು ತೂರಿ ಸಿನಿಮಾ ನೋಡುವ ಅಭಿಮಾನಿ ಬಂಧುಗಳೇ, ಇವತ್ತು ನಾನು ಹೇಳಹೊರಟಿರುವುದು ಯಾವ ತಾರೆಯ ಕಥೆಯೂ ಅಲ್ಲ. ತಾರೆಯರನ್ನು ಬೆಳ್ಳಿತೆರೆಯ ಮೇಲೆ ಮೂಡಿಸಿದವನೊಬ್ಬನ ಕಥೆ. ಆತ ನಮ್ಮಪ್ಪ. ಟೂರಿಂಗ್ ಟಾಕೀಸಿನ ಆಪರೇಟರ್!

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು... ಅಪ್ಪನ ಟೆಂಟು ಸುತ್ತದ ಊರಿಲ್ಲ. ಆಗ ದಾವಣಗೆರೆ ಜಿಲ್ಲೆಯೇ ಇರಲಿಲ್ಲ. ಅದು ಹುಟ್ಟಿದ್ದು 1997ರಲ್ಲಿ. ಅಲ್ಲಿಯತನಕ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ನಮ್ಮ ನ್ಯಾಮತಿ ತಾಲ್ಲೂಕಾದದ್ದಂತೂ ಮೊನ್ನೆ ಮೊನ್ನೆ. ‘ಜಿಲ್ಲೆ ಯಾವುದಾದ್ರೇನಲೇ, ಲೈಟು ಆರಿಸಿದ ಮೇಲೆ ಎಲ್ಲಾ ಊರೂ ಒಂದೇ’ ಅನ್ನುತ್ತಾನೆ ಅಪ್ಪ.

ಜಗಳೂರಿನ ಟೆಂಟಿನಲ್ಲಿ ಆತ ‘ನಾಗರಹಾವು’ ಓಡಿಸಿದ್ದ. ಪುಟ್ಟಣ್ಣ ಕಣಗಾಲರ 1972ರ ಆ ಚಿತ್ರದಲ್ಲಿ ಚಿತ್ರದುರ್ಗದ ಕೋಟೆ ಕಂಡೊಡನೆ, ‘ನಮ್ಮ ದುರ್ಗ! ನಮ್ಮ ದುರ್ಗ!’ ಎಂದು ನೆಲದ ಜನ ಎದ್ದು ನಿಂತರಂತೆ. 2018ರಲ್ಲಿ ಅದೇ ಚಿತ್ರ ಹೊಸ ಮೆರುಗಿನಿಂದ ಮತ್ತೆ ತೆರೆಕಂಡಾಗ ಅಪ್ಪನಿಗೆ ಮಂಡಿನೋವು. ಬಸ್ಸು ಹತ್ತಲಾಗಲಿಲ್ಲ. ‘ಹೋಗ್ಲಿ ಬಿಡಪಾ’ ಅಂದವನು ಆಮೇಲೆ ಸಿನಿಮಾದ ಮಾತನ್ನೇ ಬಿಟ್ಟ. ಮೊಬೈಲಿನಲ್ಲಿ ತೋರಿಸಲು ಹೋದರೆ, ‘ಅಂಗೈಯಾಗೆ ಏನ್ ನೋಡ್ಲಿ?’ ಎಂದು ಮುಖ ತಿರುಗಿಸಿದ.

ಮನೆಯಲ್ಲಿ ಹಳೆಯ ಕಂಪ್ಯೂಟರ್ ಇತ್ತು. ನಾಗರಹಾವಿನ ಹಳೆಯ ಡಿವಿಡಿಯೂ ಇತ್ತು. ಹಬ್ಬಕ್ಕೆ ಕೊಂಡ ಎಚ್‌ಡಿ ಟೀವಿ ಗೋಡೆಯ ಮೇಲಿತ್ತು. ಮೂರನ್ನೂ ಕೂಡಿಸಿದರೆ ಅಪ್ಪನ ಟೆಂಟು ಮನೆಯಲ್ಲೇ! ಹೊನ್ನಾಳಿಗೆ ಹೋಗಿ ಎರಡು ಮೀಟರಿನ ಎಚ್‌ಡಿಎಂಐ ವೈರು ತಂದೇಬಿಟ್ಟೆ.

ತೆರೆ ಇದೆ, ಬೊಂಬೆ ಇಲ್ಲ!

ಕಂಪ್ಯೂಟರನ್ನೂ ಟೀವಿಯನ್ನೂ ಆರಿಸಿ, ವೈರು ಚುಚ್ಚಿ, ಮತ್ತೆ ಹಚ್ಚಿದೆ. ನಮ್ಮ ಕಡೆಯ ಕರೆಂಟಿನ ಆಟ ನಿಮಗೆ ಗೊತ್ತಲ್ಲ! ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಕರೆಂಟು ಇರುವಾಗಲೇ ವೈರು ಚುಚ್ಚಿದರೆ ಸಾಕೆಟ್ ಸುಟ್ಟುಹೋಗಬಹುದು.

ಟೀವಿಯಲ್ಲಿ ‘ನೋ ಸಿಗ್ನಲ್’. ವೈರು ಚುಚ್ಚಿದ್ದು ಎರಡನೇ ಸಾಕೆಟ್ಟಿಗೆ, ರಿಮೋಟಿನಲ್ಲಿ ಆರಿಸಿದ್ದು ಒಂದನೆಯದು! ‘ಸೋರ್ಸ್’ ಗುಂಡಿ ಒತ್ತಿ ಎರಡನೆಯದನ್ನು ಹಿಡಿದೆ. ಚಿತ್ರ ಬಂತು, ಆದರೆ ಮೂಕಿ ಚಿತ್ರ! ಮಾತೆಲ್ಲ ಕಂಪ್ಯೂಟರಿನೊಳಗೇ ಉಳಿದಿತ್ತು. ಪರದೆಯ ಮೂಲೆಯ ಸ್ಪೀಕರ್ ಗುರುತು ಒತ್ತಿ, ಅಲ್ಲಿ ಬಂದ ಪಟ್ಟಿಯಲ್ಲಿ ಟೀವಿಯ ಹೆಸರು ಆರಿಸಿದಾಗ ಟಾಕಿ ಆಯಿತು. ಎಚ್‌ಡಿಎಂಐ ವೈರಿನ ಹೆಚ್ಚುಗಾರಿಕೆಯೇ ಇದು. ಬೊಂಬೆ, ಮಾತು ಎರಡೂ ಒಂದೇ ವೈರಿನಲ್ಲಿ ಹರಿಯುತ್ತವೆ.

ಗೆದ್ದೆನೆಂದುಕೊಂಡು ಅಪ್ಪನನ್ನು ಕೂಗಿದೆ. ಬಂದ, ಕೂತ, ಎರಡು ನಿಮಿಷ ನೋಡಿದ. ಎದ್ದೇ ಬಿಟ್ಟ!

‘ಯಾಕಪ್ಪಾ?’

‘ವಿಷ್ಣುವರ್ಧನ್ ಮುಖ ಹಂಗಿತ್ತೇನಲೇ? ಕುಂಬಳಕಾಯಿ ಮಾಡಿಟ್ಟೀಯ. ನಾನು ಟೆಂಟಿನಾಗೆ ಹಿಂಗೆ ಓಡಿಸಿದ್ರೆ ಜನ ಕುರ್ಚಿ ಮುರೀತಿದ್ರು.’

ನನಗೆ ಮುಖ ಸಣ್ಣದಾಯಿತು.

ಆಪರೇಟರನ ಕಣ್ಣು, ಆಪರೇಟರನ ಕಿವಿ

ಅಪ್ಪ ಹೇಳಿದ್ದು ನಿಜ. ಆ ಕಾಲದ ಚಿತ್ರದ ಚೌಕಟ್ಟು ಹೆಚ್ಚು ಕಡಿಮೆ ನಾಲ್ಕಕ್ಕೆ ಮೂರು. ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದದ್ದೇ 1977ರಲ್ಲಿ, ‘ಸೊಸೆ ತಂದ ಸೌಭಾಗ್ಯ’ದಿಂದ. ಇಂದಿನ ಟೀವಿಯ ಅಳತೆಯೋ ಹದಿನಾರಕ್ಕೆ ಒಂಬತ್ತು. ನಮ್ಮ ಹಳೆಯ ಮಾನಿಟರ್ 1024 ಚುಕ್ಕಿ ಅಗಲ, 768 ಚುಕ್ಕಿ ಎತ್ತರದ್ದು. ಕಂಪ್ಯೂಟರ್ ಅದೇ ಅಳತೆಯನ್ನು ಟೀವಿಗೂ ಕಳಿಸುತ್ತಿತ್ತು. ಟೀವಿ ಅದನ್ನು ತನ್ನ ಮೈತುಂಬ ಎಳೆದು ಹಾಸುತ್ತಿತ್ತು. ಮೂರಡಿ ಅಗಲದ್ದು ನಾಲ್ಕಡಿಯಾದರೆ ಮುಖ ಉಬ್ಬದೇ ಇರುತ್ತದೆಯೇ?

ಕೀಬೋರ್ಡಿನಲ್ಲಿ ವಿಂಡೋಸ್ ಗುಂಡಿ ಹಿಡಿದು ‘ಪಿ’ ಒತ್ತಿದೆ. ಬಂದ ಪಟ್ಟಿಯಲ್ಲಿ ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಆರಿಸಿದೆ. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 1920ಕ್ಕೆ 1080 ಮಾಡಿದೆ. ಎರಡು ಪಕ್ಕದಲ್ಲೂ ಕಪ್ಪು ಪಟ್ಟಿ ಬಂದು, ನಡುವೆ ರಾಮಾಚಾರಿ ತನ್ನ ಮುಖದೊಂದಿಗೆ ನಿಂತ!

‘ಹ್ಞಾಂ, ಈಗ ಬಂದ ನಮ್ಮ ಹುಡುಗ’ ಅಂದ ಅಪ್ಪ.

ಮಾತು ದೊಡ್ಡದಾಗಿ ಕೇಳಲೆಂದು ನಾನು ಸುಮ್ಮನಿರದೆ ಹಳೆಯ ಸ್ಪೀಕರನ್ನು ನೇರ ಕಂಪ್ಯೂಟರಿಗೇ ಸಿಕ್ಕಿಸಿದೆ. ಅಪ್ಪನ ಹುಬ್ಬು ಮತ್ತೆ ಗಂಟಾಯಿತು. ‘ತುಟಿಗಿಂತ ಮಾತು ಮುಂದೆ ಓಡ್ತದೆ. ಲೂಪ್ ತಪ್ಪೈತೆ!’

ಏನಿದು ಲೂಪ್? ಪ್ರೊಜೆಕ್ಟರಿನಲ್ಲಿ ಬೊಂಬೆಗೆ ಬೆಳಕು ಬೀಳುವ ಜಾಗ ಒಂದು, ಧ್ವನಿ ಓದುವ ಜಾಗ ಅದರ ಕೆಳಗೆ ಇನ್ನೊಂದು. ಆದ್ದರಿಂದ ರೀಲಿನಲ್ಲಿ ಧ್ವನಿಯನ್ನು ಅದರ ಬೊಂಬೆಗಿಂತ ಇಪ್ಪತ್ತು ಫ್ರೇಮಿನಷ್ಟು ಮುಂದೆ ಅಚ್ಚು ಹಾಕಿರುತ್ತಾರೆ. ನಡುವೆ ಫಿಲ್ಮನ್ನು ಎಷ್ಟು ಸಡಿಲ ಬಿಡಬೇಕೋ ಅಷ್ಟೇ ಬಿಡಬೇಕು. ಅದೇ ಲೂಪ್. ಅದು ತಪ್ಪಿದರೆ ತುಟಿಗೂ ಮಾತಿಗೂ ಜಗಳ! ಸೆಕೆಂಡಿಗೆ 24 ಫ್ರೇಮು ಓಡುವಲ್ಲಿ ಒಂದೆರಡು ಫ್ರೇಮಿನ ತಪ್ಪನ್ನೂ ಅಪ್ಪನ ಕಿವಿ ಹಿಡಿಯುತ್ತಿತ್ತು.

ನನ್ನ ತಪ್ಪೂ ಅದೇ ಜಾತಿಯದು. ಎಚ್‌ಡಿ ಟೀವಿ ಬೊಂಬೆಯನ್ನು ತಿದ್ದಿ ತೀಡಿ ತೋರಿಸಲು ಒಂದು ಕ್ಷಣ ತಗೊಳ್ಳುತ್ತದೆ. ಕಂಪ್ಯೂಟರಿನಿಂದ ನೇರ ಹೊರಟ ಮಾತು ಕಾಯುವುದಿಲ್ಲ. ಸ್ಪೀಕರಿನ ವೈರನ್ನು ಟೀವಿಯ ಹಿಂದಿನ ಆಡಿಯೋ ಸಾಕೆಟ್ಟಿಗೆ ಬದಲಿಸಿದೆ. ಜಗಳ ತೀರಿತು. ‘ನಾಟಕದ ಹಂಗೆ ನುಣ್ಣಗೆ ಕಾಣ್ತದೆ’ ಎಂಬ ಇನ್ನೊಂದು ದೂರು ಬಂತು. ಟೀವಿ ತಾನೇ ನಡುನಡುವೆ ಹೊಸ ಫ್ರೇಮು ಹೊಸೆದು ತುಂಬುತ್ತಿತ್ತು. ಮೆನುವಿನಲ್ಲಿ ‘ಮೋಷನ್’ ಎಂದಿದ್ದುದನ್ನು ಆರಿಸಿದ ಮೇಲೆ ಸಿನಿಮಾ ಸಿನಿಮಾದಂತಾಯಿತು.

ಚನ್ನಗಿರಿಯ ಗೆಳೆಯ, ಜಗಳೂರಿನ ಅಕ್ಕ

ಸುದ್ದಿ ಹಬ್ಬಿತು. ಚನ್ನಗಿರಿಯ ಅಡಿಕೆ ತೋಟದ ಗೆಳೆಯನೊಬ್ಬ ಫೋನು ಮಾಡಿ ಗೋಳಾಡಿದ. ಅವನ ಕಂಪ್ಯೂಟರಿನಲ್ಲಿರುವುದು 15 ಪಿನ್ನಿನ ಹಳೆಯ ವಿಜಿಎ ಸಾಕೆಟ್ಟು. ಅಗ್ಗಕ್ಕೆ ಸಿಕ್ಕಿತೆಂದು ಒಂದು ತುದಿ ವಿಜಿಎ, ಇನ್ನೊಂದು ತುದಿ ಎಚ್‌ಡಿಎಂಐ ಇರುವ ಬರೀ ವೈರು ಕೊಂಡಿದ್ದ. ಬೊಂಬೆಯೇ ಇಲ್ಲ! ಬರುವುದಾದರೂ ಹೇಗೆ? ವಿಜಿಎ 1987ರ ಕಾಲದ್ದು, ಅಲೆಯ ಭಾಷೆ ಆಡುತ್ತದೆ. ಎಚ್‌ಡಿಎಂಐ ಅಂಕೆಯ ಭಾಷೆ ಆಡುತ್ತದೆ. ನಡುವೆ ದುಭಾಷಿ ಬೇಕು. ಕರೆಂಟು ಉಣ್ಣುವ, ಒಳಗೆ ಚಿಪ್ ಇರುವ ಕನ್ವರ್ಟರ್ ಡಬ್ಬವೇ ಆ ದುಭಾಷಿ. ವಿಜಿಎಗೆ ಮಾತೂ ಬಾರದು. ಆದ್ದರಿಂದ ಕಂಪ್ಯೂಟರಿನ ಸ್ಪೀಕರ್ ಸಾಕೆಟ್ಟಿನಿಂದ ಡಬ್ಬಕ್ಕೆ ಬೇರೊಂದು ವೈರು ಎಳೆಯಬೇಕು.

ಜಗಳೂರಿನ ಅಕ್ಕನ ಮನೆಯ ಗೋಳೇ ಬೇರೆ. ಬೊಂಬೆಯ ನಾಲ್ಕು ಅಂಚೂ ಕತ್ತರಿಸಿಹೋಗಿತ್ತು. ಹಳೆಯ ಗಾಜಿನ ಟೀವಿಗಳು ಅಂಚು ಬಚ್ಚಿಡುತ್ತಿದ್ದ ಚಾಳಿಯನ್ನು ಹೊಸ ಟೀವಿಗಳೂ ಬಿಟ್ಟಿಲ್ಲ! ‘ಪಿಕ್ಚರ್ ಸೈಜ್’ಗೆ ಹೋಗಿ ‘ಸ್ಕ್ರೀನ್ ಫಿಟ್’ ಅಥವಾ ‘ಜಸ್ಟ್ ಸ್ಕ್ಯಾನ್’ ಮಾಡೆಂದೆ, ಸರಿಹೋಯಿತು. ಭಾವ ಹದಿನೈದು ಮೀಟರ್ ವೈರು ತರಹೊರಟಿದ್ದರು. ‘ಬೇಡಿ ಭಾವಾ, ಐದು ಮೀಟರಿನೊಳಗೇ ಇರಲಿ, ಉದ್ದವಾದಷ್ಟೂ ಬೊಂಬೆ ಮಿಣುಕುತ್ತದೆ’ ಅಂದೆ.

ಒಂದು ಮಾತು ಕಿವಿಯಲ್ಲಿರಲಿ. ಎಚ್‌ಡಿ ಟೀವಿಗೆ ಹಾಕಿದ ಮಾತ್ರಕ್ಕೆ ಎಲ್ಲವೂ ಎಚ್‌ಡಿ ಆಗುವುದಿಲ್ಲ. ಟೀವಿಯಲ್ಲಿ 1080 ಗೆರೆ. ಮಾಮೂಲಿ ಡಿವಿಡಿಯಲ್ಲಿ ಹೆಚ್ಚೆಂದರೆ 576. ಇಲ್ಲದ್ದನ್ನು ಯಾವ ವೈರೂ ತರಲಾರದು.

ಅಪ್ಪನಿಗೆ ಅದರ ಚಿಂತೆಯೇ ಇರಲಿಲ್ಲ. ಕೋಟೆ ಬಂದಾಗ ಕೂತಲ್ಲೇ ನೆಟ್ಟಗಾದ. ಕೊಂಚ ಹೊತ್ತಿಗೆ ತೆರೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿ ಮಾಯವಾಯಿತು. ನಾನು ಡಿವಿಡಿ ಕೆಟ್ಟಿದೆ ಅಂದುಕೊಂಡೆ. ಅಪ್ಪನ ಬಲಗೈ ತಾನಾಗಿ ಮೇಲೆದ್ದಿತ್ತು.

‘ರೀಲು ಮುಗೀತು ಅಂತ ಗುರುತು ಕಣಪಾ ಅದು. ನಮ್ಮದು ಒಂದೇ ಮಿಷನ್ನು. ಲೈಟು ಹಾಕಿ ರೀಲು ಬದಲಿಸೋತನಕ ಜನ ಸೀಟಿ ಹೊಡೀತಿದ್ರು...’

ಈಗ ಯಾರೂ ಸೀಟಿ ಹೊಡೆಯಲಿಲ್ಲ. ಚಿತ್ರ ನಿಲ್ಲದೆ ಮುಂದೆ ಓಡಿತು. ಅಪ್ಪ ಎತ್ತಿದ ಕೈಯನ್ನು ಮೆಲ್ಲಗೆ ಮಂಡಿಯ ಮೇಲಿಟ್ಟುಕೊಂಡ. ‘ಶುಭಂ’ ಬರುವತನಕ ಏಳಲಿಲ್ಲ. ಎದ್ದವನೇ ಕೇಳಿದ್ದು ಒಂದೇ ಮಾತು: ‘ನಾಳೆ ಯಾವ ಚಿತ್ರ?’

ಗೆಳೆಯರೇ, ನಿಮ್ಮೂರಲ್ಲೂ ಒಬ್ಬ ಹಳೆಯ ಆಪರೇಟರ್, ಒಬ್ಬ ಗೇಟ್‌ಕೀಪರ್, ಒಬ್ಬ ಪೋಸ್ಟರ್ ಅಂಟಿಸಿದವನು ಇದ್ದೇ ಇರುತ್ತಾನೆ. ಒಂದು ಭಾನುವಾರ ಅವನನ್ನು ಕರೆಸಿ ಕೂರಿಸಿ. ಬೊಂಬೆ ಸರಿಯಿದೆಯೇ ಎಂದು ಅವನನ್ನೇ ಕೇಳಿ!