ಸ್ಕೂಬಾ ಮಾಡಿದ ದಿನವೇ ಘಾಟ್ ಹತ್ತಬೇಡಿ: ಮಾಲವಣ, ಮುರ್ಡೇಶ್ವರಕ್ಕೆ ಹೊರಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಚಿಕ್ಕೋಡಿ: ದೀಪಾವಳಿ ವ್ಯಾಪಾರ ಮುಗಿದರೆ ಸಾಕು, ನಾಲ್ಕು ಮಂದಿ ಗೆಳೆಯರು ಸೇರಿದ ಕಡೆಯೆಲ್ಲ ಸಮುದ್ರದ ಮಾತು ಶುರುವಾಗುತ್ತದೆ. ಶನಿವಾರ ರಾತ್ರಿ ಅಂಗಡಿ ಬಾಗಿಲು ಹಾಕಿ ಗಾಡಿ ಹತ್ತುವುದು, ಭಾನುವಾರ ಮುಂಜಾನೆ ಮಾಲವಣದಲ್ಲಿ ಸ್ಕೂಬಾ, ಮಧ್ಯಾಹ್ನ ಮೀನೂಟ, ರಾತ್ರಿ ಹತ್ತಕ್ಕೆ ಮನೆ. ಸೋಮವಾರ ಮತ್ತೆ ಅಂಗಡಿ ಓಪನ್. ಲೆಕ್ಕ ಚೊಲೋ ಕಾಣುತ್ತದೆ. ಆದರೆ ಇದರಲ್ಲಿ ಒಂದು ದೊಡ್ಡ ತಪ್ಪಿದೆ. ನೀರಿನೊಳಗೆ ಇಳಿದು ಬಂದವರು ಅದೇ ದಿನ ಘಾಟ್ ಹತ್ತಬಾರದು.

ಕರಾವಳಿಯವರಿಗೆ ಈ ಮಾತು ಅಷ್ಟು ಬೇಕಾಗಿಲ್ಲ, ಅವರ ಮನೆ ಸಮುದ್ರದ ಮಟ್ಟದಲ್ಲೇ ಇದೆ. ಚಿಕ್ಕೋಡಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿ, ಬೆಳಗಾವಿ ಸುಮಾರು 750 ಮೀಟರ್, ಅಂಬೋಲಿ ಸುಮಾರು 690 ಮೀಟರ್. ಅಥಣಿ, ಕಾಗವಾಡ ಕಡೆಯ ಕೃಷ್ಣಾ ತೀರದ ಊರುಗಳು ಇನ್ನಷ್ಟು ತಗ್ಗಿನಲ್ಲಿವೆ. ಆದರೂ ಸಮುದ್ರದಿಂದ ಅಲ್ಲಿಗೆ ಮರಳಬೇಕೆಂದರೆ ಘಾಟ್ ದಾಟಲೇಬೇಕು.

ಘಾಟ್ ಹತ್ತಿದರೆ ಏನಾಗುತ್ತದೆ?

ಬಾವಿಗೆ ಜಿಗಿದು ತಳದ ಕಲ್ಲು ತಂದವರಿಗೆ ಗೊತ್ತು, ಕೆಳಗೆ ಹೋದಂತೆ ಕಿವಿ ಒತ್ತಿ ಹಿಡಿದಂತಾಗುತ್ತದೆ. ಅದು ನೀರಿನ ಒತ್ತಡ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರ್ ಕೆಳಗೆ ದೇಹದ ಮೇಲೆ ಬೀಳುವುದು ದಂಡೆಯ ಮೇಲಿನ ಎರಡರಷ್ಟು ಒತ್ತಡ.

ಬಾವಿಯಲ್ಲಿ ಉಸಿರು ಹಿಡಿದು ಇಳಿಯುತ್ತೇವೆ. ಸ್ಕೂಬಾದಲ್ಲಿ ಬೆನ್ನಿಗೆ ಕಟ್ಟಿದ ಸಿಲಿಂಡರಿನಿಂದ ಅದೇ ಒತ್ತಡದ ಗಾಳಿಯನ್ನು ಎಳೆದುಕೊಳ್ಳುತ್ತಿರುತ್ತೇವೆ. ಸಿಲಿಂಡರಿನಲ್ಲಿ ಬರೀ ಆಕ್ಸಿಜನ್ ಇರುತ್ತದೆ ಅಂತ ಬಹಳ ಮಂದಿ ತಿಳಿದಿದ್ದಾರೆ. ಅದು ಹಾಗಲ್ಲ. ಮಾಮೂಲಿ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಅದರಲ್ಲಿ ಸುಮಾರು 78 ಭಾಗ ಸಾರಜನಕ. ಒತ್ತಡದಲ್ಲಿ ಈ ಸಾರಜನಕ ರಕ್ತ ಮತ್ತು ಮಾಂಸಖಂಡಗಳಲ್ಲಿ ಕರಗಿ ಕೂರುತ್ತದೆ.

ಸೋಡಾ ಬಾಟಲಿ ನೆನಪಿಸಿಕೊಳ್ಳಿ. ಮುಚ್ಚಿದಾಗ ಒಳಗೆ ಗ್ಯಾಸ್ ಇರುವುದೇ ಕಾಣುವುದಿಲ್ಲ. ತೆರೆದ ಕೂಡಲೇ ಬುಸ್ಸೆಂದು ಗುಳ್ಳೆ ಏಳುತ್ತದೆ. ನಿಧಾನವಾಗಿ ಮೇಲೆ ಬಂದು ದಂಡೆಯಲ್ಲಿ ಸಾಕಷ್ಟು ಹೊತ್ತು ಕಳೆದರೆ ಸಾರಜನಕ ಉಸಿರಿನ ಮೂಲಕ ಮೆಲ್ಲಗೆ ಹೊರಹೋಗುತ್ತದೆ. ಅದು ಹೋಗುವ ಮೊದಲೇ ಎತ್ತರಕ್ಕೆ ಏರಿದರೆ ಹೊರಗಿನ ಗಾಳಿಯ ಒತ್ತಡ ಮತ್ತೂ ಇಳಿಯುತ್ತದೆ, ದೇಹದೊಳಗೆ ಗುಳ್ಳೆ ಏಳುವ ಸಾಧ್ಯತೆ ಹೆಚ್ಚುತ್ತದೆ. ಇದನ್ನು ಡಿಕಂಪ್ರೆಷನ್ ಸಿಕ್‌ನೆಸ್ ಎನ್ನುತ್ತಾರೆ. ಡೈವ್ ಮಾಡಿ ವಿಮಾನ ಹತ್ತಬಾರದು ಎನ್ನುವುದು ಇದೇ ಕಾರಣಕ್ಕೆ.

ಎಷ್ಟು ತಾಸು ಕಾಯಬೇಕು?

ಡೈವಿಂಗ್ ಸುರಕ್ಷತೆಗಾಗಿಯೇ ಇರುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ ಹೀಗಿದೆ: ಒಂದೇ ಸಲ ಮಾಮೂಲಿ ಡೈವ್ ಮಾಡಿದವರು ಕನಿಷ್ಠ 12 ತಾಸು, ಒಂದಕ್ಕಿಂತ ಹೆಚ್ಚು ಡೈವ್ ಮಾಡಿದವರು ಕನಿಷ್ಠ 18 ತಾಸು ಕಾಯಬೇಕು. ಈ ಲೆಕ್ಕ 2,000 ಅಡಿ, ಅಂದರೆ ಸುಮಾರು 600 ಮೀಟರ್ ಎತ್ತರದಿಂದಲೇ ಶುರುವಾಗುತ್ತದೆ. ಚಿಕ್ಕೋಡಿಯೂ ಬೆಳಗಾವಿಯೂ ಅದರ ಮೇಲೆಯೇ ಇವೆ.

ನಾಲ್ಕೈದು ಮೀಟರ್ ಆಳದಲ್ಲಿ ಹದಿನೈದು ನಿಮಿಷ ಇದ್ದು ಬರುವವರಿಗೆ ಅಪಾಯ ಬಹಳ ಕಡಿಮೆ, ಇದೂ ನಿಜ. ಆದರೆ ದೋಣಿಯಲ್ಲಿ ಹೋದ ಮೇಲೆ ಎಷ್ಟು ಆಳಕ್ಕೆ ಇಳಿದೆವು, ಎಷ್ಟು ಹೊತ್ತು ಇದ್ದೆವು ಎನ್ನುವ ಲೆಕ್ಕ ಹೊಸಬರ ಕೈಯಲ್ಲಿ ಇರುವುದಿಲ್ಲ. ಅದಕ್ಕೇ ಒಂದು ರಾತ್ರಿ ಉಳಿಯುವುದು ಸುಲಭದ ದಾರಿ. ಮುಂಜಾನೆ 11ರೊಳಗೆ ಡೈವ್ ಮುಗಿದರೆ ಮರುದಿನ ಬೆಳಗಿನ ಚಹಾ ಕುಡಿದು ಹೊರಡುವ ಹೊತ್ತಿಗೆ 18 ತಾಸೂ ಕಳೆದಿರುತ್ತದೆ. ಒಂದು ರಾತ್ರಿಯ ರೂಮಿನ ಖರ್ಚು, ಒಂದು ದಿನ ಅಂಗಡಿ ಬಂದ್. ಪ್ಲ್ಯಾನ್ ಮಾಡುವಾಗಲೇ ಇದನ್ನು ಹಿಡಿಯಬೇಕು.

ಮಾಲವಣವೋ, ಮುರ್ಡೇಶ್ವರವೋ?

ನಮ್ಮ ಭಾಗಕ್ಕೆ ಹತ್ತಿರದ್ದು ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಮಾಲವಣ ಮತ್ತು ಪಕ್ಕದ ತಾರ್ಕರ್ಲಿ. ನಿಪ್ಪಾಣಿಯಿಂದ ರಾಧಾನಗರಿ, ಫೋಂಡಾ ಘಾಟ್, ಕಣಕವಲಿ ಮೇಲೆ ಸುಮಾರು 150 ಕಿ.ಮೀ. ಮರಾಠಿ ಬಲ್ಲ ಗಡಿಭಾಗದವರಿಗೆ ಮಾತಿನ ತೊಂದರೆ ಇಲ್ಲ. ಸಿಂಧುದುರ್ಗ ಕೋಟೆಯ ಸುತ್ತಲಿನ ನೀರು 1987ರಲ್ಲೇ ಸಾಗರ ಅಭಯಾರಣ್ಯ ಎಂದು ಘೋಷಣೆಯಾದದ್ದು. ಇಲ್ಲಿ ಹೆಚ್ಚಾಗಿ ನಡೆಯುವುದು ಮೊದಲ ಸಲ ಇಳಿಯುವವರ ಕಡಿಮೆ ಆಳದ ಡೈವ್. ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ಸ್ಕೂಬಾ ತರಬೇತಿ ಸಂಸ್ಥೆ ತಾರ್ಕರ್ಲಿಯಲ್ಲಿದೆ. ಶನಿವಾರ, ಭಾನುವಾರ ಗದ್ದಲ ಹೆಚ್ಚು. ಶಾಂತವಾಗಿ ಇರಬೇಕೆಂದರೆ ವಾರದ ನಡುವೆ ಹೋಗುವುದು ಚೊಲೋ.

ನಮ್ಮ ರಾಜ್ಯದಲ್ಲೇ ಬೇಕೆಂದರೆ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರ. ಅಲ್ಲಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ಡೈವಿಂಗ್ ನಡೆಯುತ್ತದೆ. ನೀರು ಹೆಚ್ಚು ತಿಳಿ, ಆಳವೂ ಹೆಚ್ಚು. ಹವಳ, ಗಿಳಿಮೀನು, ಅದೃಷ್ಟವಿದ್ದರೆ ಕಡಲಾಮೆ ಕಾಣುತ್ತದೆ. ಆದರೆ ಚಿಕ್ಕೋಡಿಯಿಂದ 300 ಕಿ.ಮೀ.ಗೂ ಹೆಚ್ಚು ದಾರಿ, ಮೇಲೆ ತಾಸುಗಟ್ಟಲೆ ದೋಣಿ ಪ್ರಯಾಣ. ದೋಣಿ ಮುಂಜಾನೆಯೇ ಹೊರಡುವುದರಿಂದ ಹಿಂದಿನ ರಾತ್ರಿಯೇ ಊರು ಸೇರಬೇಕು. ಅಂದರೆ ಎರಡು ರಾತ್ರಿಯ ಪ್ರವಾಸ. ರಾಯಬಾಗ, ಕುಡಚಿ, ಉಗಾರ ಕಡೆಯವರು ರೈಲಿನಲ್ಲಿ ಲೋಂಡಾ ಮೇಲೆ ಮಡಗಾಂವ್ ತಲುಪಿ, ಅಲ್ಲಿ ಕೊಂಕಣ ರೈಲು ಹಿಡಿಯಬಹುದು. ಮುರ್ಡೇಶ್ವರಕ್ಕೆ ಸ್ವಂತ ನಿಲ್ದಾಣವೇ ಇದೆ.

ಯಾವಾಗ ಹೋಗಬೇಕು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರ ರೊಚ್ಚಿಗೆದ್ದಿರುತ್ತದೆ, ಡೈವಿಂಗ್ ನಿಲ್ಲುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗಿನ ದಿನಗಳು ಒಳ್ಳೆಯವು. ಮೇ ಕೊನೆಯಲ್ಲಿ, ಮಕ್ಕಳ ರಜೆ ಮುಗಿಯುವ ಮುಂಚೆ ಅಂತ ಅವಸರ ಮಾಡುವವರು ಒಂದು ಘಟನೆ ನೆನಪಿಡಬೇಕು. 2022ರ ಮೇ 24ರಂದು ತಾರ್ಕರ್ಲಿಯಲ್ಲಿ ಸ್ಕೂಬಾ ಮುಗಿಸಿ ಮರಳುತ್ತಿದ್ದ ಪ್ರವಾಸಿಗರ ದೋಣಿ ಮಗುಚಿ ಇಬ್ಬರು ಪ್ರಾಣ ಕಳೆದುಕೊಂಡರು. ಅಪಾಯ ನೀರಿನಡಿಯಲ್ಲಷ್ಟೇ ಇಲ್ಲ, ದೋಣಿಯಲ್ಲೂ ಇದೆ. ಲೈಫ್ ಜಾಕೆಟ್ ಕೊಡದ, ಮಂದಿಯನ್ನು ತುಂಬಿಸಿಕೊಂಡ ದೋಣಿ ಹತ್ತಲೇಬಾರದು.

ಇನ್ನೊಂದು ಮಾತು. ಡೈವಿಂಗ್ ಸೀಸನ್ನೂ ನಮ್ಮಲ್ಲಿ ಕಬ್ಬು ಕಟಾವಿನ ಸೀಸನ್ನೂ ಒಂದೇ. ರಾತ್ರಿ ಹೊತ್ತು ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ಅತ್ತ ದಾಜಿಪುರ ಕಾಡಿನ ರಸ್ತೆಯಲ್ಲಿ ಕಾಡುಕೋಣಗಳು. ರಾತ್ರಿಯಿಡೀ ಗಾಡಿ ಓಡಿಸಿ, ನಿದ್ದೆ ಇಲ್ಲದೆ ನೀರಿಗೆ ಇಳಿಯುವುದು ಎರಡು ಕಡೆಯಿಂದಲೂ ಕೆಟ್ಟದ್ದು. ನಸುಕಿನಲ್ಲಿ ಹೊರಡುವುದೇ ಲೇಸು.

ಯಾರು ಇಳಿಯಬಾರದು?

ಮೊದಲ ಸಲದ ಡೈವ್‌ಗೆ ಈಜು ಬರಲೇಬೇಕೆಂದಿಲ್ಲ, ತರಬೇತುದಾರರು ಕೈ ಹಿಡಿದೇ ಇಳಿಸುತ್ತಾರೆ. ಕೃಷ್ಣಾ, ದೂಧಗಂಗಾ ಹೊಳೆಯಲ್ಲಿ ಈಜಿದವರಿಗೆ ಧೈರ್ಯ ಹೆಚ್ಚು ಇರುತ್ತದೆ, ಆದರೆ ಸ್ಕೂಬಾಗೆ ಬೇಕಾದದ್ದು ಧೈರ್ಯಕ್ಕಿಂತ ಆರೋಗ್ಯ. ಅಸ್ತಮಾ, ಹೃದಯದ ತೊಂದರೆ, ಮೂರ್ಛೆರೋಗ, ಕಿವಿಯ ಆಪರೇಷನ್ ಆದವರು ವೈದ್ಯರನ್ನು ಕೇಳದೆ ಇಳಿಯಬಾರದು. ಗರ್ಭಿಣಿಯರು ಇಳಿಯಲೇಬಾರದು. ನೆಗಡಿ ಇದ್ದರೆ ಕಿವಿಯ ಒತ್ತಡ ಸರಿಹೋಗುವುದಿಲ್ಲ, ಆ ದಿನ ಬಿಡುವುದೇ ಸರಿ. 10 ವರ್ಷದೊಳಗಿನ ಮಕ್ಕಳನ್ನು ಡೈವ್‌ಗೆ ಕಳಿಸಬೇಡಿ. ಹಿಂದಿನ ರಾತ್ರಿ ಎಣ್ಣೆ ಪಾರ್ಟಿ ಬೇಡ. ಆರೋಗ್ಯದ ಫಾರ್ಮ್ ಕೊಟ್ಟರೆ ಓದದೆ ಸಹಿ ಹಾಕಬೇಡಿ. ಅದು ಅವರಿಗಿಂತ ಹೆಚ್ಚಾಗಿ ನಿಮಗೇ ಬೇಕಾದ ಕಾಗದ.

ನೀರಿನೊಳಗೆ ಮೂರು ನಿಯಮ

ಒಂದು, ಉಸಿರು ಹಿಡಿಯಬೇಡಿ. ಮೇಲೆ ಬರುವಾಗ ಎದೆಯೊಳಗಿನ ಗಾಳಿ ಹಿಗ್ಗುತ್ತದೆ, ಉಸಿರು ಬಿಗಿಹಿಡಿದರೆ ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ. ಎರಡು, ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ. ನೋವಾದರೆ ಇಳಿಯುವುದನ್ನು ನಿಲ್ಲಿಸಿ. ಮೂರು, ಹೆಬ್ಬೆರಳು ಎತ್ತಿ ತೋರಿಸಬೇಡಿ. ನಮ್ಮಲ್ಲಿ ಅದು "ಎಲ್ಲಾ ಬರೋಬರಿ" ಅಂತ. ಡೈವಿಂಗ್‌ನಲ್ಲಿ ಅದರ ಅರ್ಥ "ನನ್ನನ್ನು ಮೇಲೆ ಕರೆದುಕೊಂಡು ಹೋಗಿ" ಎಂದು. ಸರಿ ಇದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು.

ದುಡ್ಡು ಕೊಡುವ ಮೊದಲು ಕೇಳಿ

ದರ ಎಷ್ಟು ಎನ್ನುವುದು ಕೊನೆಯ ಪ್ರಶ್ನೆ. ಮೊದಲು ಕೇಳಬೇಕಾದವು ಇವು: ತರಬೇತುದಾರರ ಬಳಿ ಪ್ರಮಾಣಪತ್ರ ಇದೆಯೇ? ನೀರಿನೊಳಗೆ ಒಬ್ಬರು ಎಷ್ಟು ಮಂದಿಯನ್ನು ನೋಡಿಕೊಳ್ಳುತ್ತಾರೆ? ಎಷ್ಟು ಆಳ, ಎಷ್ಟು ನಿಮಿಷ? ದೋಣಿಯಲ್ಲಿ ತುರ್ತು ಆಕ್ಸಿಜನ್ ಕಿಟ್ ಇದೆಯೇ? ಹವಾಮಾನ ಕೆಟ್ಟು ದೋಣಿ ಹೋಗದಿದ್ದರೆ ಮುಂಗಡ ಹಣ ವಾಪಸ್ ಬರುತ್ತದೆಯೇ? ಫೋಟೊ, ವಿಡಿಯೊ ದರದಲ್ಲಿ ಸೇರಿದೆಯೇ? ಸಿಟ್ಟಾಗದೆ ಉತ್ತರ ಕೊಡುವವರ ಬಳಿ ಹೋಗಿ.

ಮನೆಗೆ ಬಂದ ಮೇಲೂ ಗಮನ ಇರಲಿ

ಡೈವ್ ಆದ ನಂತರದ ಒಂದೆರಡು ದಿನಗಳಲ್ಲಿ ಕೀಲುನೋವು, ಕೈಕಾಲು ಜೋಮು, ತಲೆಸುತ್ತು, ಮೈಮೇಲೆ ಕಲೆ, ಕಾರಣವಿಲ್ಲದ ಸುಸ್ತು ಕಂಡರೆ "ಪ್ರವಾಸದ ದಣಿವು" ಅಂತ ಗುಳಿಗೆ ನುಂಗಿ ಮಲಗಬೇಡಿ. ಘಾಟಿನ ಕೆಳಗೇ ಇದ್ದರೆ ಹತ್ತಬೇಡಿ, ಅಲ್ಲೇ ಆಸ್ಪತ್ರೆಗೆ ಹೋಗಿ. 108 ಎರಡೂ ರಾಜ್ಯಗಳಲ್ಲಿ ಸಿಗುತ್ತದೆ. ವೈದ್ಯರಿಗೆ ಮೊದಲ ಮಾತಾಗಿ ಸ್ಕೂಬಾ ಮಾಡಿ ಬಂದದ್ದನ್ನು, ಎಷ್ಟು ಆಳ, ಯಾವಾಗ ಎನ್ನುವುದನ್ನು ಹೇಳಿ. ಈ ಕಾಯಿಲೆಗೆ ಮೊದಲು ಬೇಕಾದದ್ದು ಆಕ್ಸಿಜನ್. ಗಂಭೀರವಾದರೆ ಒತ್ತಡದ ಕೋಣೆಯಲ್ಲಿ ಚಿಕಿತ್ಸೆ ಕೊಡಬೇಕಾಗುತ್ತದೆ, ಅದು ತಾಲ್ಲೂಕು ಆಸ್ಪತ್ರೆಗಳಲ್ಲಿ ಇರುವುದಿಲ್ಲ. ವಿಷಯ ಹೇಳದಿದ್ದರೆ ನಮ್ಮ ಊರಿನ ವೈದ್ಯರಿಗೆ ಸಮುದ್ರದ ಕಾಯಿಲೆ ಹೊಳೆಯುವುದು ಕಷ್ಟ.